ಷಡ್ಡಕನ ಪಾಲಾದ ಕೈಗವಸು

ನವೆಂಬರ್ ೯, ಭಾನುವಾರ

ನನ್ನ ಮೆಚ್ಚಿನ ಪಾಪ್ ಗಾಯಕಿ ವೇದಿಕೆಯಲ್ಲಿ ತೊಟ್ಟ ಕೈಗವಸನ್ನು ನಾನು ಅರ್ಧ ಆಯುಷ್ಯ ಹುಡುಕಿದೆ. ದಕ್ಕಿದ್ದು ನನ್ನ ಷಡ್ಡಕನಿಗೆ. ಅವಳ ಒಂದು ಹಾಡೂ ಅವನಿಗೆ ಬಾರದು!

"ಭಾವ, ಅಸಲಿನಾ ನಕಲಿನಾ ನೋಡಿ ಹೇಳಿ. ನಿಮ್ಮ ಕಣ್ಣು ತಪ್ಪಲ್ಲ" ಎಂದು ಬೆಳಗ್ಗೆ ಕೊಟ್ಟುಹೋದ.

ನಕಲಿಯಾಗಿರಲೆಂದು ಹಾರೈಸುತ್ತಲೇ, ಅವಳ ವೇದಿಕೆಯ ಛಾಯಾಚಿತ್ರದೊಡನೆ ಭೂತಗನ್ನಡಿಯಿಟ್ಟು ಹೋಲಿಸಿದೆ. ಹೆಬ್ಬೆರಳ ಬಳಿ ಮಣಿ ಉದುರಿದ ಜಾಗಕ್ಕೆ ಯಾರೋ ಅವಸರದಲ್ಲಿ ಹಾಕಿದ ಕಪ್ಪುದಾರದ ವಕ್ರ ಹೊಲಿಗೆ ಎರಡರಲ್ಲಿಯೂ ಒಂದೇ. ಸಂಶಯವಿಲ್ಲ, ಅಸಲಿ.

ಸಂಜೆ ಅವನ ಕರೆ ಬಂದಿತು. "ಆತುರಗಾರನಿಗೆ ಬುದ್ಧಿ ಮಟ್ಟ ಕಣಯ್ಯಾ, ಇನ್ನೆರಡು ದಿನ ತಾಳು" ಎಂದೆ.

"ನನ್ನ ತಂಗಿ ಗಂಡನ ಮೇಲೆ ಇಷ್ಟೊಂದು ಉರೀನಾ?" ಎಂದು ಮಡದಿ ನಕ್ಕಳು.

ಸುಳ್ಳಾಡಲಾರೆ. ಆದರೆ ನಿಜ ನುಡಿದ ಕ್ಷಣವೇ ಅದು ಅವನದಾಗಿಬಿಡುತ್ತದೆ. ಅಲ್ಲಿಯವರೆಗಾದರೂ ನನ್ನ ಮೇಜಿನ ಮೇಲೆ, ನನ್ನ ದೀಪದ ಕೆಳಗೆ…