ಮೂರು ಸಲ ತೊಳೆದ ಕ್ಯಾನು

ಆಗಸ್ಟ್ ೭, ಗುರುವಾರ

ಓರಗಿತ್ತಿ ನಿಂಗಾಜಮ್ಮನ ಸಕ್ಕರೆ ಮುನ್ನೂರ ಹತ್ತು. ತೆಳ್ಳಗಿದ್ದಾಳೆ, ದಿನವಿಡೀ ದುಡಿಯುತ್ತಾಳೆ, ತವರಿನಲ್ಲೂ ಯಾರಿಗೂ ಈ ಕಾಯಿಲೆಯಿಲ್ಲ. ಹುಣಸೂರಿನ ಡಾಕ್ಟರು ಊಟದ ವಿಷಯ ವಿಚಾರಿಸಿದ ಮೇಲೆ, ಹೊಗೆಸೊಪ್ಪಿಗೆ ಔಷಧಿ ಹೊಡೆಯುವವರು ಯಾರು ಎಂದೂ ಕೇಳಿದರು. ಹೊಡೆಯುವವಳು ಇವಳೇ. ಕೀಟನಾಶಕ ವರ್ಷಗಟ್ಟಲೆ ಮೈಸೇರಿದರೆ ಸಕ್ಕರೆ ಕಾಯಿಲೆಯ ಸಂಭವ ಹೆಚ್ಚಬಹುದಂತೆ. ಇವಳಿಗೆ ಅದರಿಂದಲೇ ಬಂತೆಂದು ಹೇಳಲಾಗದಂತೆ.

ಸಂಜೆ ಹೊಲದಲ್ಲಿ ಅವಳು ಮಜ್ಜಿಗೆ ಬಗ್ಗಿಸಿಕೊಟ್ಟಳು, ಕೀಟನಾಶಕದ ಹಳೇ ಕ್ಯಾನಿನಿಂದ. ನಾನು ಕುಡಿಯದೆ ಲೋಟ ಹಿಡಿದು ನಿಂತೆ.

"ಬೂದಿ, ಉಣಸೆಹಣ್ಣು ಆಕಿ ಮೂರ್ ಸಲ ತೊಳ್ದಿವ್ನಿ ಕಣಕ್ಕ, ಮೂಸ್ ನೋಡಿ. ಓದ್ದೋರ್ದು ಇದೇ ಗೋಳು, ಎಲ್ಲಕ್ಕೂ ಅನುಮಾನ!"

ಮೂಸಿದೆ. ವಾಸನೆಯೇನೂ ಇರಲಿಲ್ಲ. ಆದರೂ ಇನ್ನು ಇದರಲ್ಲಿ ತರಬೇಡ ಎಂದೆ.

ಅವಳ ನಗು ನಿಂತಿತು. "ನನ್ ಮಗ್ಳಿಗೆ ಚಿಕ್ಕೋಳಿದ್ದಾಗಿಂದ್ಲೂ ಇದ್ರಲ್ಲೇ ಕುಡ್ಸಿವ್ನಲ್ಲಕ್ಕ?"

ನಾಳೆ ಮಗಳು ಸೌಂದರ್ಯಳನ್ನೂ ಖಾಲಿ ಹೊಟ್ಟೆಯಲ್ಲಿ ಪರೀಕ್ಷೆಗೆ ಕರೆತರಲು ಹೇಳಿದೆ. ಅದು ಸಮಾಧಾನದ ಮಾತಲ್ಲವೆಂದು ಗೊತ್ತಿತ್ತು.

ಉಳಿದ ಮಜ್ಜಿಗೆ ಚೆಲ್ಲಲು ಬಗ್ಗಿದವಳು, ಎಲ್ಲಿ ಚೆಲ್ಲುವುದೆಂದು ತಿಳಿಯದೆ ಹಾಗೆಯೇ ನಿಂತಳು.