ಬರ್ಮಾ ಊದದ ದಿನ

ಕುಶಾಲನಗರ
17-5-1961

ಮನೆಯವರಿಗೆ,

ಯಮುನ ಬರೆಯುವುದು. ನಾನು ಇಲ್ಲಿ ಇದ್ದೇನೆ. ನೀವು ಅಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಾ ಇದ್ದೀರಿ ಎಂದು ನಂಬಿದ್ದೇನೆ.

ನಿಮ್ಮ ನಾಟಕ ಕಂಪನಿ ಈಗ ಹಾಸನದಲ್ಲಿ ಟೆಂಟು ಹಾಕಿದೆ ಎಂದು ಬಸ್ಸಿನ ಡ್ರೈವರ್ ಜಯಪ್ಪನವರು ಹೇಳಿದರು. ಒಂದು ದಿನ ಅಲ್ಲೇ ಉಳಿಯಬೇಕಾಗಿ ಬಂದು ಆಟ ನೋಡಿದರಂತೆ. ಹಾರ್ಮೋನಿಯಂ ಪಕ್ಕದಲ್ಲಿ ನೀವು ಕ್ಲಾರಿನೆಟ್ ಹಿಡಿದು ಕೂತಿದ್ದಿರಂತೆ. ನಿನ್ನ ಗಂಡ ಪೊನ್ನಪ್ಪ ತೆಳ್ಳಗಾಗಿದ್ದಾನೆ ತಂಗೀ ಎಂದರು. ಆಮೇಲೆ ನನ್ನ ಮುಖ ನೋಡಿ, ಇಲ್ಲ ಇಲ್ಲ, ಗ್ಯಾಸ್‌ಲೈಟಿನ ಬೆಳಕಿಗೆ ಹಾಗೆ ಕಂಡಿರಬೇಕು ಎಂದರು. ವಿಳಾಸ ಅವರ ಕೈಯಿಂದಲೇ ಸಿಕ್ಕಿತು.

ಈ ಕಾಗದ ಬರೆಯಲು ಹೇಳಿದ್ದು ದೇವರಾಜಣ್ಣ. ನಿನ್ನೆ ದೊಡ್ಡ ಡ್ರಮ್ಮನ್ನು ನಮ್ಮ ಜಗಲಿಯಲ್ಲಿ ಇಳಿಸಿ, ಅದರ ಮೇಲೆ ಕೈ ಊರಿ ನಿಂತು, ಬರಿ ತಂಗೀ ಎಂದರು. ಅವರು ಹೇಳಿದ್ದನ್ನು ಮೊದಲು ಬರೆದುಬಿಡುತ್ತೇನೆ. ಮಳೆಗೆ ಮುಂಚೆ ಇನ್ನೂ ಮೂರು ಮದುವೆಗೆ ವೀಳ್ಯ ತೆಗೆದುಕೊಂಡಾಗಿದೆ. ನನ್ನ ಅಪ್ಪ ಇನ್ನು ಊದುವುದಿಲ್ಲ, ಸಾಕು ಎಂದಿದ್ದಾರೆ. ಕ್ಲಾರಿನೆಟ್ ಇಲ್ಲದ ಬ್ಯಾಂಡನ್ನು ಯಾರೂ ಕರೆಯುವುದಿಲ್ಲ. ನೀವು ಬರಬೇಕು. ಬಂದರೆ ಮುಂದೆ ನಿಲ್ಲುವ ಜಾಗ ನಿಮ್ಮದೇ. ಆದರೆ ಬರ್ಮಾ ಊದಬೇಕು, ಹೊಸದರ ಮಾತು ಎತ್ತಬಾರದು. ಹಳಬರಿಗೆ ಈ ವಯಸ್ಸಿನಲ್ಲಿ ಬೇರೆ ಕೆಲಸ ಗೊತ್ತಿಲ್ಲ, ಅವನಿಗೆ ಅಷ್ಟು ದಯೆ ಇರಲಿ ಎಂದು ಬರಿ ಎಂದರು.

ಅಷ್ಟು ಬರೆದಾಯಿತು. ಇನ್ನು ಮುಂದಿನದು ನನ್ನ ಮಾತು. ನಾಲ್ಕನೇ ಕ್ಲಾಸಿನ ಕೈ, ತಪ್ಪಿದ್ದರೆ ನೀವೇ ತಿದ್ದಿಕೊಂಡು ಓದಿ.

ಅಪ್ಪ ಚೆನ್ನಾಗಿದ್ದಾರೆ. ಸ್ವಲ್ಪ ಕೆಮ್ಮು ಇದೆ.

ನೀವು ಹೋದ ಮೇಲೆ ನಾನು ಪಕ್ಕದ ಆ ಬಾಡಿಗೆ ಮನೆ ಬಿಟ್ಟು ಅಪ್ಪನ ಜೊತೆಗೇ ಇದ್ದೇನೆ. ನಾವಿಬ್ಬರೂ ಒಂದೇ ಮನೆಯಲ್ಲಿದ್ದರೂ ರಾಜ್ಯೋತ್ಸವದ ಆ ದಿನದ ಮಾತನ್ನು ಬಹಳ ಕಾಲ ಎತ್ತಲಿಲ್ಲ. ನೀವು ಹೇಗೆ ನೆನಪಿಟ್ಟುಕೊಂಡಿದ್ದೀರೋ ಗೊತ್ತಿಲ್ಲ. ನನಗೆ ನೆನಪಿರುವುದು ಹೀಗೆ. ಶಾಲೆಯ ಮೈದಾನ ತುಂಬಿತ್ತು. ಮುಂದೆ ಕುರ್ಚಿಗಳಲ್ಲಿ ಆಫೀಸರುಗಳು, ಹಿಂದೆ ಊರಿನವರು. ಧ್ವಜ ಏರಿದ ಮೇಲೆ ಬ್ಯಾಂಡಿನವರು ಒಂದು ಹಾಡು ಬಾರಿಸಲಿ ಎಂದರು. ಎಲ್ಲರೂ ಬರ್ಮಾ ಬರುತ್ತದೆಂದು ಕಾದಿದ್ದರು. ಅಪ್ಪನೂ ದೇವರಾಜಣ್ಣನೂ ಕರಿಯಣ್ಣನೂ ಯುದ್ಧ ಮುಗಿಸಿ ಬಂದ ವರ್ಷ ಕಟ್ಟಿದ ಹಾಡು ಅದು. ಅಪ್ಪ ಅದಕ್ಕೆ ಬೇರೆ ಏನೋ ಹೆಸರು ಇಟ್ಟಿದ್ದರಂತೆ. ಬರ್ಮಾದಿಂದ ಬಂದವರ ಹಾಡೆಂದು ಜನರೇ ಬರ್ಮಾ ಎಂದು ಕರೆದರು, ಅದೇ ನಿಂತಿತು. ಈಗ ಮಾತು ಬಾರದ ಮಕ್ಕಳೂ ಅದಕ್ಕೆ ಕೈ ಆಡಿಸುತ್ತವೆ.

ಯಾರೂ ಎಣಿಸದ ಹಾಗೆ ನೀವು ಒಂದು ಹೆಜ್ಜೆ ಮುಂದೆ ಬಂದು ನಿಮ್ಮ ಹಾಡು ಊದಿದಿರಿ. ನೀಲುವಿನ ಹಾಡು.

ಆ ಹೆಸರು ಬರೆದ ಮೇಲೆ ಸ್ವಲ್ಪ ಹೊತ್ತು ಎದ್ದು ಹೋಗಿದ್ದೆ. ಸೌದೆ ಒಳಗಿಟ್ಟು ಬಂದೆ.

ಕಕ್ಕಡ ತಿಂಗಳ ಮಳೆಯಲ್ಲಿ ಜ್ವರ ಬಂದು ನಮ್ಮ ಮಗಳು ಹೋದ ಮೇಲೆ ನೀವು ಮಾತು ಬಿಟ್ಟು ಆ ಹಾಡು ಹಿಡಿದಿರಿ. ಅವಳು ಆಗತಾನೆ ನಡೆಯಲು ಕಲಿತಿದ್ದಳು. ನಾಲ್ಕು ಹೆಜ್ಜೆ ಇಟ್ಟು ಪಟ್ಟನೆ ಕೂತುಬಿಡುತ್ತಿದ್ದಳು. ನಿಮ್ಮ ಹಾಡೂ ಹಾಗೆಯೇ ನಡೆದು ಕೂತುಬಿಡುತ್ತಿತ್ತು. ಗೋಡೆಯಾಚೆಯಿಂದ ಮೊದಲ ಸಲ ಕೇಳಿ ಬಂದಾಗ ಅಪ್ಪ ಏನು ಹೇಳಿದರು, ನೆನಪಿದೆಯೇ? ಚೆನ್ನಾಗಿದೆಯೋ ಇಲ್ಲವೋ ಹೇಳಲಿಲ್ಲ. ನಡುವೆ ನಿಂತುಹೋಗುವ ಹಾಡಿಗೆ ಯಾರು ಕುಣಿಯುತ್ತಾರೆ ಮಾರಾಯ ಎಂದರು. ಮದುವೆಗೆ ಬರುವವರು ನಮ್ಮನ್ನು ಕೇಳಲು ಬರುವುದಲ್ಲ, ಕುಣಿಯಲು ಬರುವುದು ಎಂದರು. ಹದಿನೈದು ವರ್ಷ ಬರ್ಮಾವನ್ನೇ ಊದಿದರೆ ಕ್ಲಾರಿನೆಟ್ಟಿಗೂ ಬಾಯಿಪಾಠ ಆಗಿರುತ್ತದೆ ಮಾವ, ಅದನ್ನು ಕುರ್ಚಿ ಮೇಲೆ ಇಟ್ಟು ನಾವೆಲ್ಲ ಊಟಕ್ಕೆ ಹೋಗಬಹುದು ಎಂದಿರಿ ನೀವು. ಕರಿಯಣ್ಣ ಎಷ್ಟು ನಕ್ಕರು! ಅಪ್ಪ ನಗಲಿಲ್ಲ.

ಮೈದಾನದಲ್ಲಿ ಹಾಡು ಮೊದಲ ಸಲ ಕೂತಾಗಲೇ ಹಿಂದಿನಿಂದ ಬರ್ಮಾ, ಬರ್ಮಾ ಎಂದು ಕೂಗಿದರು. ಯಾರೋ ಶಿಳ್ಳೆ ಹಾಕಿದರು. ಆಗ ಅಪ್ಪ ತಮ್ಮ ಕ್ಲಾರಿನೆಟ್ ಎತ್ತಿ ನಿಮ್ಮ ಹಾಡಿನ ಮೇಲೆಯೇ ಬರ್ಮಾ ಊದಿದರು. ದೇವರಾಜಣ್ಣ ಅದಕ್ಕೇ ಡ್ರಮ್ಮು ಬಡಿದರು. ಜನ ಚಪ್ಪಾಳೆ ತಟ್ಟಿದರು. ನೀವು ಕ್ಲಾರಿನೆಟ್ ಬಿಚ್ಚಿ ಪೆಟ್ಟಿಗೆಗೆ ಇಟ್ಟಿರಿ. ಮರುದಿನ ಬೆಳಗಿನ ಬಸ್ಸಿಗೆ ಹೋದಿರಿ. ನಾನು ಬಾಗಿಲಲ್ಲಿ ನಿಂತಿದ್ದೆ.

ಅಪ್ಪ ಯಾಕೆ ಹಾಗೆ ಮಾಡಿದರು ಎನ್ನುವುದು ನಿಮಗೆ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ಹುತ್ತರಿ ಹಬ್ಬ ಕಳೆದ ಮೇಲೆ ಒಂದು ದಿನ ಗಂಜಿ ಕುಡಿಯುತ್ತಾ ತಾವಾಗಿಯೇ ಹೇಳಿದರು. ನಮ್ಮ ಕೂಸಿನ ಹಾಡಿಗೆ ಶಿಳ್ಳೆ ಹಾಕುತ್ತಿದ್ದರು ಯಮುನ, ನಾನು ಅದನ್ನು ಕೇಳಿಕೊಂಡು ನಿಲ್ಲಬೇಕಿತ್ತೇ ಎಂದರು. ಬರ್ಮಾ ಊದಿದರೆ ಬಾಯಿ ಮುಚ್ಚುತ್ತಾರೆ, ಅದಕ್ಕೇ ಊದಿದೆ, ಅವನಿಗೆ ಅದು ತಿಳಿಯಲಿಲ್ಲ ಎಂದರು. ಅಷ್ಟು ಹೇಳಿ ಉಪ್ಪಿನಕಾಯಿ ಕೇಳಿದರು. ನನಗೆ ಅಂದೇ ನಿಮಗೆ ಬರೆಯಬೇಕೆನಿಸಿತು. ಆದರೆ ಎಲ್ಲಿಗೆ ಬರೆಯುವುದು?

ಈಗ ದುಬಾರೆ ಕಡೆಯ ಮದುವೆಯ ವಿಷಯ. ದೇವರಾಜಣ್ಣ ಇದನ್ನು ಬರೆಯುವುದು ಬೇಡ ಎಂದಿದ್ದರು. ಬೇರೆ ಯಾರ ಬಾಯಿಂದಲೋ ಕೇಳುವುದಕ್ಕಿಂತ ನನ್ನಿಂದ ಕೇಳಿ.

ಕೊಡವರ ದೊಡ್ಡ ಮನೆ. ಎಸ್ಟೇಟಿನ ಲಾರಿಯಲ್ಲಿ ಕರೆದುಕೊಂಡು ಹೋದರು. ಅಪ್ಪನ ಕೆಮ್ಮಿಗೆ ಬಿಸಿನೀರು ಹಿಡಿದುಕೊಂಡು ನಾನೂ ಹೋಗಿದ್ದೆ. ಮುಹೂರ್ತ, ಊಟ ಎಲ್ಲ ಚೆನ್ನಾಗಿ ಆಯಿತು. ಇಳಿಹೊತ್ತಿಗೆ ಗಂಗಾಪೂಜೆ. ಮದುಮಗಳು ಬಾವಿಯಿಂದ ನೀರು ತುಂಬಿದ ಕೊಡ ತಲೆ ಮೇಲೆ ಹೊತ್ತು ಹೊರಟರೆ ಗಂಡಿನ ಕಡೆಯವರು ಅವಳ ಎದುರಿಗೆ ಕುಣಿಯುತ್ತಾ ದಾರಿ ಕಟ್ಟುತ್ತಾರಲ್ಲ, ನೀವು ಎಷ್ಟೋ ಸಲ ಅದಕ್ಕೆ ಊದಿದ್ದೀರಿ. ಕುಣಿತ ನಿಲ್ಲುವವರೆಗೆ ಅವಳು ನಿಂತಿರಬೇಕು. ಕುಣಿಯುವವರು ಸರಿದಷ್ಟೇ ಅವಳು ಮುಂದೆ ಬರಬೇಕು. ಹುಡುಗಿಗೆ ತಾಳ್ಮೆ ಎಷ್ಟಿದೆ ಎಂದು ನೋಡುವ ಶಾಸ್ತ್ರ. ಗಂಡಸರು ಕಪ್ಪು ನಿಲುವಂಗಿಯ ತೋಳು ಏರಿಸಿ, ಬರ್ಮಾ ಬರಲಿ ದೇರಪ್ಪಣ್ಣ, ಇವತ್ತು ಕತ್ತಲೆಯಾಗುವವರೆಗೆ ಬಿಡುವುದಿಲ್ಲ ಎಂದು ಅಪ್ಪನಿಗೆ ಕೂಗಿದರು.

ಅಪ್ಪ ಬರ್ಮಾ ಶುರುಮಾಡಿದರು. ಒಂದು ಸುತ್ತು ಆಯಿತು. ಎರಡನೆಯ ಸುತ್ತಿನಲ್ಲಿ ಸ್ವರ ಮೇಲಕ್ಕೆ ಹತ್ತುವ ಕಡೆ ಊದುವುದು ಬಿಟ್ಟರು. ಕಣ್ಣು ಮುಚ್ಚಿ ಸುಮ್ಮನೆ ನಿಂತರು. ಕರಿಯಣ್ಣ ತುತ್ತೂರಿ ಇಳಿಸಿ ಅಪ್ಪನ ಮುಖ ನೋಡಿದರು. ಆಮೇಲೆ ಅಪ್ಪ ಕೆಳಗಿನ ಸ್ವರದಲ್ಲಿ ಮೆಲ್ಲಗೆ ನೀಲುವಿನ ಹಾಡು ಊದಿದರು.

ನಾನು ಬಾವಿಯ ಹತ್ತಿರ ಹೆಂಗಸರ ಜೊತೆ ಇದ್ದೆ. ನೀವು ಅಪ್ಪನಿಗೆ ಅದನ್ನು ಕಲಿಸಿರಲಿಲ್ಲ. ಇವರು ಯಾವಾಗ ಕಲಿತರು? ದನದ ಹಟ್ಟಿಯ ಕಡೆಯಿಂದ ಹಗಲೆಲ್ಲ ಏನೋ ತುಂಡು ತುಂಡು ಸದ್ದು ಕೇಳುತ್ತಿತ್ತು, ಕ್ಲಾರಿನೆಟ್ಟಿನ ಪೀಪಿ ಕೆಟ್ಟಿದೆ, ಸರಿಮಾಡುತ್ತಿದ್ದಾರೆ ಎಂದುಕೊಂಡಿದ್ದೆ. ಆಮೇಲೆ ಅಪ್ಪನನ್ನು ಕೇಳಿದ್ದಕ್ಕೆ, ಅವನು ಪಕ್ಕದ ಮನೆಯಲ್ಲಿ ಎರಡು ತಿಂಗಳು ಅದನ್ನೇ ಊದಿದ, ಗೋಡೆಗೆ ಕಿವಿ ಇಲ್ಲವೇ ಎಂದರು.

ಕುಣಿಯುವವರು ಮೊದಲು ಹೆಜ್ಜೆ ಹೊಂದಿಸಲು ನೋಡಿದರು. ಹಾಡು ನಾಲ್ಕು ಹೆಜ್ಜೆ ನಡೆದು ಕೂತಾಗ ಒಬ್ಬರ ಮೇಲೊಬ್ಬರು ಬಿದ್ದರು. ನಕ್ಕರು. ಮತ್ತೆ ಎದ್ದು ಕೈ ಎತ್ತಿದರು, ಮತ್ತೆ ಹಾಡು ಕೂತಿತು. ಯಾವನೋ ಹುಡುಗ, ಬ್ಯಾಂಡಿನವರಿಗೆ ಕಳ್ಳು ಯಾರಪ್ಪಾ ಕೊಟ್ಟದ್ದು ಎಂದ. ಆ ಮೇಲೆ ನಗು ನಿಂತಿತು. ಕೈ ಕೆಳಗೆ ಬಿಟ್ಟು ಎಲ್ಲರೂ ದಾರಿಯ ಎರಡು ಬದಿಗೆ ಸರಿದು ನಿಂತರು. ಮೂರನೆಯ ಸಲ ಕೂತ ಕಡೆಯೇ ಅಪ್ಪನೂ ನಿಲ್ಲಿಸಿಬಿಟ್ಟರು. ಕ್ಲಾರಿನೆಟ್ ಬಾಯಲ್ಲೇ ಇತ್ತು, ಸದ್ದು ಬರಲಿಲ್ಲ. ಎದುರು ಯಾರೂ ಇಲ್ಲ, ವಾದ್ಯದ ಸದ್ದೂ ಇಲ್ಲ. ಶಾಸ್ತ್ರ ಮುಗಿಯಿತು ಎಂದು ಮದುಮಗಳು ನೇರ ನಡೆದು ಅಡಿಗೆಮನೆಗೆ ಹೋಗಿ ಕೊಡ ಇಳಿಸಿದಳು.

ಒಳಗೆ ಒಬ್ಬ ಮುದುಕಿ, ನಿನ್ನ ಪುಣ್ಯ ಹೆಣ್ಣೇ, ನನ್ನ ಕಾಲದಲ್ಲಿ ಕುತ್ತಿಗೆ ಮುರಿಯುವವರೆಗೆ ಬಿಡಲಿಲ್ಲ ಎಂದು ನಗಾಡಿದರಂತೆ. ಹೊರಗೆ ಯಾರೂ ನಗಲಿಲ್ಲ. ಮದುಮಗನ ದೊಡ್ಡಪ್ಪ ಬಂದು, ನಮ್ಮ ಮನೆಗೆ ಹೆಣ್ಣು ಕುಣಿತವಿಲ್ಲದೆ ಬಂದ ಹಾಗಾಯಿತು, ಸಾವಿನ ಮನೆಯಲ್ಲಿ ನಿಂತ ಹಾಗೆ ನಿಂತೆವಲ್ಲ ನಾವು ಎಂದರು. ಅವರು ಹೇಳಿದ್ದು ಸುಳ್ಳಲ್ಲ.

ಹುಡುಗಿಯನ್ನು ಮತ್ತೆ ಬಾವಿಗೆ ಕಳಿಸಿದರು. ಮತ್ತೆ ಕೊಡ ತುಂಬಿಸಿದರು. ಕರಿಯಣ್ಣ ಕ್ಲಾರಿನೆಟ್ ಇಲ್ಲದೆ ತುತ್ತೂರಿಯಲ್ಲೇ ಬರ್ಮಾ ಊದಿದರು, ದೇವರಾಜಣ್ಣ ಬೆನ್ನು ಬಗ್ಗಿಸಿ ಡ್ರಮ್ಮು ಬಡಿದರು. ದೀಪ ಹಚ್ಚುವವರೆಗೆ ಕುಣಿದರು. ಅಪ್ಪ ಕಾಫಿ ಒಣಗಿಸುವ ಕಣದ ಕಟ್ಟೆ ಮೇಲೆ ಕೂತು ನೋಡುತ್ತಿದ್ದರು. ನೋಡು, ಎಷ್ಟು ಚೆನ್ನಾಗಿ ಕುಣಿಯುತ್ತಾರೆ ಎಂದರು. ಬೇಸರದಿಂದ ಹೇಳಿದ್ದಲ್ಲ. ಅವರು ಕಟ್ಟಿದ ಹಾಡೇ ತಾನೆ ಅದು.

ವಾಪಸು ಬರುವಾಗ ಲಾರಿಯಲ್ಲಿ ದೇವರಾಜಣ್ಣ, ದೇರಪ್ಪಾ, ಊದುವುದಾದರೆ ಪೂರ್ತಿ ಊದಬೇಕಿತ್ತು, ಅರ್ಧಕ್ಕೆ ಯಾಕೆ ಬಿಟ್ಟೆ ಎಂದರು. ಮೂರನೆಯ ಸಲ ಕೂತದ್ದು ಏಳುವುದು ಹೇಗೆಂದು ನನಗೆ ಗೊತ್ತಿಲ್ಲ ಎಂದರು ಅಪ್ಪ. ಅವನ ಹಾಡಿನಲ್ಲಿ ಅದು ಎದ್ದು ಮತ್ತೆ ನಡೆಯುತ್ತದೆ, ಅದು ಗೊತ್ತು. ಗೋಡೆಯಾಚೆಯಿಂದ ಅಷ್ಟು ಸಣ್ಣಗೆ ಊದಿದ್ದು ಕೇಳಿಸಲಿಲ್ಲ. ಮೈದಾನದಲ್ಲಿ ಅಲ್ಲಿಗೆ ಬರುವ ಮೊದಲು ನಾನೇ ಮುಚ್ಚಿಬಿಟ್ಟೆ ಎಂದರು. ಅಲ್ಲಿಂದ ಮನೆ ತಲುಪುವವರೆಗೆ ನಾನು ಸೆರಗು ಕಚ್ಚಿಕೊಂಡು ಕೂತಿದ್ದೆ.

ಇದೇ ನಡೆದದ್ದು. ಹಾಗಾಗಿ ದೇವರಾಜಣ್ಣನ ಮಾತಿಗೆ ನೀವು ಬರಬೇಕೆಂದು ನಾನು ಹೇಳಲಾರೆ. ಬಂದರೆ ಪ್ರತಿ ಮದುವೆಯಲ್ಲೂ ಬರ್ಮಾ ಊದಿಸುತ್ತಾರೆ. ನಿಮ್ಮ ಹಾಡನ್ನು ಒಬ್ಬರೂ ಕೇಳುವುದಿಲ್ಲ. ದುಬಾರೆಯ ಆ ಮದುವೆಯಾದ ಮೇಲೆ ಅದನ್ನು ಅಪಶಕುನ ಎಂದೇ ಹೇಳುತ್ತಾರೆ. ಅದನ್ನು ಕೇಳಿಸಿಕೊಳ್ಳಲು ನಿಮ್ಮನ್ನು ಕರೆಯಲು ನನಗೆ ಮನಸ್ಸಿಲ್ಲ. ನಾಟಕದಲ್ಲಿ ದುಃಖದ ಸೀನು ಇರುತ್ತದಂತೆ, ಅಲ್ಲಿ ಜನ ಕುಣಿಯದೆ ಕೂತು ಕೇಳುತ್ತಾರಂತೆ. ಅಲ್ಲಿ ಅದಕ್ಕೆ ಒಂದು ಜಾಗ ಸಿಗಬಹುದು. ಸಿಕ್ಕಿದರೆ ಅಲ್ಲೇ ಇರಿ. ನನಗೆ ಬೇಸರವಿಲ್ಲ ಎಂದು ಬರೆಯಬೇಕೆಂದುಕೊಂಡೆ, ಬರೆಯಲು ಆಗುತ್ತಿಲ್ಲ. ಬೇಸರವಿದೆ. ಆದರೂ ಅಲ್ಲೇ ಇರಿ.

ನಿಮ್ಮ ಒಂದು ಅಂಗಿ ಇಲ್ಲಿ ಉಳಿದಿತ್ತು, ಒಗೆದು ಇಸ್ತ್ರಿ ಮಾಡಿಸಿ ಜಯಪ್ಪನವರ ಕೈಯಲ್ಲಿ ಕಳಿಸಿದ್ದೇನೆ. ಕಾಲರು ತಿರುಗಿಸಿ ಹೊಲಿದಿದ್ದೇನೆ. ಮಳೆ ಹಿಡಿಯುವ ಮೊದಲು ಒಂದು ಕಂಬಳಿ ತೆಗೆದುಕೊಳ್ಳಿ, ಟೆಂಟಿನಲ್ಲಿ ನೆಲ ತಣ್ಣಗಿರುತ್ತದೆ.

ನಿಮ್ಮ ಕಾಲಿಗೆ ನಮಸ್ಕಾರ ಮಾಡುವ,
ಯಮುನ

ಮರೆತದ್ದಲ್ಲ, ಮುಚ್ಚಿಟ್ಟದ್ದು: ಮೇಲೆ ಸ್ವಲ್ಪ ಕೆಮ್ಮು ಎಂದು ಬರೆದೆ. ಅಪ್ಪ ಹಾಗೆಯೇ ಬರೆಯಲು ಹೇಳಿದ್ದರು. ಅದು ಬರೀ ಕೆಮ್ಮಲ್ಲ. ಎದೆ ಸೋತಿದೆ, ಇನ್ನು ಊದಲೇಬಾರದು ಎಂದು ಮಡಿಕೇರಿಯಲ್ಲಿ ಡಾಕ್ಟರು ಹೇಳಿದರು. ಅಪ್ಪ ಅಂಗಿ ಹಾಕಿಕೊಳ್ಳುವಾಗ ಡಾಕ್ಟರು ನನ್ನನ್ನು ಹೊರಗೆ ಕರೆದು, ಈ ಮಳೆಗಾಲ ದಾಟುವುದು ಕಷ್ಟ ಎಂದರು. ಮಲಗಿದರೆ ಉಸಿರು ಕಟ್ಟುತ್ತದೆ, ಗೋಡೆಗೆ ಒರಗಿ ಕೂತೇ ಇರುತ್ತಾರೆ. ಮದುವೆಯ ದಿನ ಬರ್ಮಾ ಹತ್ತಲು ಉಸಿರು ಸಾಲದೆ ಆ ಹಾಡಿಗೆ ಇಳಿದಿರೋ, ಬೇಕೆಂದೇ ಊದಿದಿರೋ ಎಂದು ಅಪ್ಪನನ್ನು ಕೇಳಿದೆ. ಎರಡೂ ಹೌದು ಮಗಳೇ ಎಂದರು. ಈಗ ಮೊಣಕಾಲ ಮೇಲೆ ಬೆರಳು ಆಡಿಸುತ್ತಾರೆ. ಅವಳು ಮೂರನೆಯ ಸಲ ಕೂತುಬಿಡುವ ಕಡೆ ಬಂದಾಗ ಬೆರಳು ನಿಲ್ಲುತ್ತದೆ, ನನ್ನ ಮುಖ ನೋಡುತ್ತಾರೆ. ಮುಂದಿನದು ನನಗೂ ಗೊತ್ತಿಲ್ಲ. ನೀವು ಊದುತ್ತಾ ಅಲ್ಲಿಗೆ ಬರುವ ಹೊತ್ತಿಗೆ ನಾನು ತಡೆಯಲಾರದೆ ಹಿತ್ತಲಿಗೆ ಹೋಗಿಬಿಡುತ್ತಿದ್ದೆ. ಬೇಗ ಬನ್ನಿ. ಬ್ಯಾಂಡಿಗಲ್ಲ. ಅವಳು ಏಳುವುದನ್ನು ನಮಗಿಬ್ಬರಿಗೂ ಒಂದು ಸಲ ಕೇಳಿಸಿ.