ಎಂಜಲಾಗದ ಮಗ್ಗು

ಯಲಹಂಕ, ಡಿಸೆಂಬರ್ ೩, ೧೯೭೯
ಎಂದಿನಂತೆ ಆರಕ್ಕೆ ಎದ್ದೆ. ಎಂದಿನಂತೆ ಚೋಟುದ್ದದ ಲೋಟದಲ್ಲಿ ಕಾಫಿ. ಎರಡು ಗುಟುಕಿಗೆ ತಳ ಕಂಡಿತು. ಇನ್ನೊಂದು ಕೇಳಿದೆ. ‘ಪಿತ್ತ ಆಯ್ತದೆ’ ಎಂದಳು ಹೆಂಡತಿ ವೆಂಕಟಲಕ್ಷ್ಮಮ್ಮ. ಹದಿನೆಂಟು ವರ್ಷದಿಂದ ಇದೇ ತೀರ್ಪು. ಅಪೀಲಿಲ್ಲ.

ಡಿಸೆಂಬರ್ ೫
ತಾಜುದ್ದೀನ್ ನೂರು ಕಾಲ ಬಾಳಲಿ! ಪಿಂಗಾಣಿ ಫ್ಯಾಕ್ಟರಿಯಲ್ಲಿ ಕಪ್ಪುಗಳ ಮೇಲೆ ಅಕ್ಷರ ಬರೆಯುವ ಗೆಳೆಯ. ದೊಡ್ಡ ಮಗ್ಗು ತಂದ — ಮೂರು ಲೋಟ ಹಿಡಿಯುತ್ತದೆ. ಸುತ್ತಲೂ ಗೀತೆಯ ಶ್ಲೋಕ: ಕೆಲಸ ಮಾಡು, ಫಲ ಬಯಸಬೇಡ ಎಂಬರ್ಥದ್ದು. ‘ಈ ಸಲಾನೂ ಪ್ರಮೋಷನ್ ಕೊಡ್ಲಿಲ್ವಲ್ಲ ಗುರು, ಅದಕ್ಕೇ’ ಎಂದ.
ಪಾತ್ರೆ ಅರ್ಧ ತುಂಬಿಸಿ ಕೊಡುವ ಪದ್ಧತಿ ವೆಂಕಟಲಕ್ಷ್ಮಮ್ಮನ ವಂಶದಲ್ಲಿಲ್ಲ. ಗೆದ್ದೆ.

ಡಿಸೆಂಬರ್ ೬, ಬೆಳಿಗ್ಗೆ ೬.೧೦
ಮಗ್ಗಿಗೂ ತುಟಿಗೂ ನಾಲ್ಕು ಬೆರಳು ಅಂತರ. ಕಿರುಚಿದಳು. ‘ದೇವ್ರ ಮಾತ್ನ ಎಂಜ್ಲು ಮಾಡ್ತೀರಾ? ಅದೂ ಮುಖ ತೊಳೀದೆ!’
ಎತ್ತಿ ಕುಡಿಯಲು ನೋಡಿದೆ. ಮಗ್ಗಿನ ಬಾಯಿ ಅಗಲ. ಕಾಫಿಯೆಲ್ಲ ಬನಿಯನ್ನಿಗೆ ಸಂದಿತು.
ಮಗ್ಗು ಈಗ ದೇವರ ಗೂಡಿನಲ್ಲಿದೆ. ಕುಂಕುಮ ಹಚ್ಚಿಸಿಕೊಂಡಿದೆ.

ಡಿಸೆಂಬರ್ ೧೦
ಗೂಡಿನಲ್ಲಿ ಖಾಲಿ ಇಡಬಾರದಂತೆ. ದಿನಾ ಮಗ್ಗಿನ ತುಂಬ ಕಾಫಿ ನೈವೇದ್ಯ. ಸ್ನಾನವಾದ ಮೇಲೆ ನನಗೆ ಪ್ರಸಾದ — ಅದೇ ಲೋಟ. ಮಿಕ್ಕಿದ್ದು ಪಕ್ಕದ ಮನೆ ಕೃಷ್ಣಮ್ಮನಿಗೆ; ಪ್ರಸಾದ ಹಂಚಬೇಕಲ್ಲ. ಆಕೆಗೆ ಭಕ್ತಿ ಹೆಚ್ಚಿದೆ. ಐದೂಮುಕ್ಕಾಲಿಗೇ ಹಾಜರ್.
ಈ ಚಳಿ. ತಣ್ಣೀರು.

ಡಿಸೆಂಬರ್ ೧೬, ಭಾನುವಾರ
ಯಶವಂತಪುರಕ್ಕೆ ಹೋಗಿ ತಾಜುದ್ದೀನನ ಮುಂದೆ ಗೋಳಾಡಿದೆ. ಆತ ತನ್ನ ಶೋಕೇಸ್ ತೋರಿಸಿದ. ಒಳಗೆ ಕುರಾನಿನ ಆಯತ್ ಬರೆದ ಮಗ್ಗು. ಹೊರಗೆ ಬೀಗ.
‘ನಾನೇ ಬರ್ದಿದ್ದು ಮಗಾ. ಕೈಕಾಲು ತೊಳೀದೆ ಹತ್ರ ಬರ್ಬೇಡ ಅಂತಾಳೆ ನನ್ ಹೆಂಡ್ತಿ ಅಕ್ಬರಿ. ನಿಂಗೆ ನಿನ್ ಹೆಸ್ರೇ ಬರ್ದು ಕೊಡ್ತೀನಿ ಬಿಡು. ಯಾವ ದೇವ್ರೂ ಕ್ಲೇಮ್ ಮಾಡಲ್ಲ.’

ಡಿಸೆಂಬರ್ ೨೨
ಹೊಸ ಮಗ್ಗು. ನೀಲಿ ಅಕ್ಷರದಲ್ಲಿ ‘ಮುನಿಯಣ್ಣ’. ಕಂಠಪೂರ್ತಿ ಕಾಫಿ. ಕುಡಿದೆ!

ಸಂಜೆ
ಮಗ್ಗು ತೊಳೆಯದೆ ಬಿದ್ದಿದೆ. ‘ಗಂಡನ್ ಹೆಸ್ರು ಬಾಯಲ್ಲೇ ಯೋಳಲ್ಲ ನಾನು. ಬೂದಿ ಆಕಿ ಉಜ್ತೀನಾ? ಬೇಕಾದೋರು ತೊಳ್ಕೊಳ್ಳಿ.’

ಡಿಸೆಂಬರ್ ೨೩, ಬೆಳಿಗ್ಗೆ ೬.೩೦
ಬೀದಿ ನಲ್ಲಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ತೊಳೆದೆ. ಬಿಂದಿಗೆ ಹಿಡಿದ ಹೆಂಗಸರು ಕ್ಯೂ ಮುರಿದು ಜಾಗ ಬಿಟ್ಟರು. ಕೃಷ್ಣಮ್ಮ ಗಂಡನನ್ನು ಕೂಗಿದಳು: ‘ಬನ್ರೀ ಇಲ್ಲಿ, ನೋಡಿ ಕಲೀರಿ!’
ಮಾನ ಹೋಯಿತು. ಕಾಫಿ ಬಂತು. ಎರಡನ್ನೂ ತೂಗಿ ನೋಡಿದೆ — ಕಾಫಿಯೇ ಹೆಚ್ಚು ತೂಗಿತು. ಹೀರುತ್ತಲೇ ಬರೆಯುತ್ತಿದ್ದೇನೆ. ಇನ್ನೂ ಅರ್ಧ ಇದೆ. ಒಳಗಿಂದ ಕೂಗು:
‘ರೀ, ಎಂಗಿದ್ರೂ ತೊಳೆಯಾಕ್ ಕುಂತ್ಕೋತೀರಲ್ಲ... ಆ ಮುದ್ದೆ ತಪ್ಪಲೆ, ನಾಕ್ ತಟ್ಟೆ, ಆಮೇಲೆ ಆ —’